ಹೊಳೆಯುವ ನ್ಯಾನೋಕ್ರಿಸ್ಟಲ್ ಬೇಕು, ಯಾವುದನ್ನು ತಗೊಳ್ಳೋದು?

"ಕ್ಯಾಡ್ಮಿಯಂ ಸೆಲೆನೈಡ್ ತಗೊಳ್ಳಲಾ, ಇಂಡಿಯಂ ಫಾಸ್ಫೈಡ್ ತಗೊಳ್ಳಲಾ, ಇಲ್ಲ ಪೆರೊವ್‌ಸ್ಕೈಟ್ ಕಡೆ ಹೋಗಲಾ?" ಪ್ರಾಜೆಕ್ಟ್ ಶುರು ಮಾಡುವ ವಿದ್ಯಾರ್ಥಿಗಳಿಂದ ಹಿಡಿದು ಎಲ್‌ಇಡಿ ಕೆಲಸ ಮಾಡುವ ಎಂಜಿನಿಯರ್‌ಗಳವರೆಗೆ ಎಲ್ಲರೂ ಕೇಳುವ ಪ್ರಶ್ನೆ ಇದು. ಇವೆಲ್ಲ ಬೆಳಕು ಬಿಡುವ ನ್ಯಾನೋಕ್ರಿಸ್ಟಲ್‌ಗಳು, ಅಂದರೆ ಕೆಲವೇ ನ್ಯಾನೋಮೀಟರ್ ಗಾತ್ರದ ಅರೆವಾಹಕ ಹರಳುಗಳು. ಕ್ವಾಂಟಮ್ ಡಾಟ್ ಅನ್ನೋದೂ ಇವಕ್ಕೇ. ಕೇಳುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ. ಒಂದೊಂದು ಹೆಸರಿನ ಮುಂದೆ ಒಂದೊಂದು ಕ್ವಾಂಟಮ್ ಯೀಲ್ಡ್, ಅಂದರೆ ಹೀರಿದ ಪ್ರತಿ ನೂರು ಫೋಟಾನ್‌ಗೆ (ಬೆಳಕಿನ ಕಣಕ್ಕೆ) ಎಷ್ಟು ಫೋಟಾನ್ ಹೊರಬರುತ್ತದೆ ಅನ್ನುವ ಲೆಕ್ಕ: 85%, 92%, 95%. ಜಾಸ್ತಿ ಇರೋದನ್ನು ತಗೊಂಡರೆ ಮುಗೀತಲ್ವಾ?

ಮುಗಿಯಲ್ಲ. ಆ ಸಂಖ್ಯೆಯನ್ನು ಹೆಚ್ಚಿನ ಸಲ ಅಳೆಯೋದು ತೆಳುವಾದ ದ್ರಾವಣದಲ್ಲಿ, ಮಂದ ಬೆಳಕಿನಲ್ಲಿ, ಹರಳು ಹೊಸದಾಗಿರುವಾಗ. ನಿಮ್ಮ ಕೆಲಸ ನಡೆಯೋದು ಗಟ್ಟಿ ಫಿಲ್ಮ್‌ನಲ್ಲಿ, ಬಿಸಿಯಲ್ಲಿ, ಗಾಳಿ ಮತ್ತು ತೇವದ ಮಧ್ಯೆ, ಅದೂ ತಿಂಗಳುಗಟ್ಟಲೆ. ಬಾಟಲಿಯಲ್ಲಿ ಹೊಳೆಯೋದು ಬೇರೆ, ಕೆಲಸದ ಜಾಗದಲ್ಲಿ ಬಾಳಿಕೆ ಬರೋದು ಬೇರೆ. ಹಾಗಾಗಿ ವಸ್ತುವಿನಿಂದ ಶುರು ಮಾಡಬೇಡಿ. ಉಪಯೋಗದಿಂದ ಶುರು ಮಾಡಿ, ಹಿಂದಕ್ಕೆ ಬನ್ನಿ.

ಮೊದಲು ಎರಡು ಮಾತು, ಬೆಳಕು ಎಲ್ಲಿಂದ ಬರುತ್ತದೆ ಅನ್ನೋದರ ಬಗ್ಗೆ. ಅರೆವಾಹಕದ ಹರಳಿಗೆ ಸಾಕಷ್ಟು ಶಕ್ತಿ ಕೊಟ್ಟರೆ ಒಂದು ಎಲೆಕ್ಟ್ರಾನ್ ಮೇಲಿನ ಬ್ಯಾಂಡ್‌ಗೆ ಏರುತ್ತದೆ. ಅದು ಬಿಟ್ಟ ಜಾಗದಲ್ಲಿ ಒಂದು ಹೋಲ್ ಉಳಿಯುತ್ತದೆ. ಎರಡೂ ಮತ್ತೆ ಸೇರಿದಾಗ ಹೆಚ್ಚುಕಮ್ಮಿ ಬ್ಯಾಂಡ್ ಗ್ಯಾಪ್‌ನಷ್ಟು (ಆ ಏರಿಕೆಗೆ ಬೇಕಾದ ಕನಿಷ್ಠ ಶಕ್ತಿಯಷ್ಟು) ಶಕ್ತಿಯ ಫೋಟಾನ್ ಹೊರಬರುತ್ತದೆ. ಹರಳನ್ನು ಕೆಲವೇ ನ್ಯಾನೋಮೀಟರ್‌ಗೆ ಇಳಿಸಿದರೆ ಎಲೆಕ್ಟ್ರಾನ್, ಹೋಲ್ ಎರಡಕ್ಕೂ ಜಾಗ ಸಾಲದೆ ಗ್ಯಾಪ್ ಹಿಗ್ಗುತ್ತದೆ, ಬೆಳಕು ನೀಲಿಯ ಕಡೆ ಸರಿಯುತ್ತದೆ. ದೊಡ್ಡ ಕ್ಯಾಡ್ಮಿಯಂ ಸೆಲೆನೈಡ್ ಹರಳಿನ ಗ್ಯಾಪ್ 1.74 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 710 ನ್ಯಾನೋಮೀಟರ್ ತರಂಗಾಂತರದ ಬೆಳಕು. ಹರಳಿನ ಗಾತ್ರವನ್ನು 6 ನ್ಯಾನೋಮೀಟರ್ ಮಾಡಿದರೆ ಕೆಂಪು, 2 ನ್ಯಾನೋಮೀಟರ್ ಹತ್ತಿರ ತಂದರೆ ನೀಲಿ ಬೆರೆತ ಹಸಿರು. 1980ರ ದಶಕದ ಶುರುವಿನಲ್ಲಿ ಅಲೆಕ್ಸಿ ಎಕಿಮೋವ್ ಇದನ್ನು ಗಾಜಿನೊಳಗೆ ಕಂಡರು, ಲೂಯಿ ಬ್ರೂಸ್ ದ್ರಾವಣದಲ್ಲಿ ಕಂಡರು. 1993ರಲ್ಲಿ ಮೌಂಗಿ ಬಾವೆಂಡಿಯವರ ಗುಂಪು ಒಂದೇ ಅಳತೆಯ ಹರಳುಗಳನ್ನು ಬೆಳೆಸುವ ದಾರಿ ತೋರಿಸಿತು. ಮೂವರಿಗೂ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಇಲ್ಲಿಗೆ ಚರಿತ್ರೆ ಸಾಕು.

ಯಾವುದನ್ನು ಇಟ್ಟುಕೊಂಡು ಅಳೆಯೋದು

ಬಣ್ಣ ಮೊದಲನೆಯದು. ಬರೀ "ಹಸಿರು" ಅಂದರೆ ಸಾಲದು. ಪೀಕ್, ಅಂದರೆ ಬೆಳಕು ಅತಿ ಹೆಚ್ಚು ಬರುವ ತರಂಗಾಂತರ, ಎಲ್ಲಿ ಇರಬೇಕು, ಎಷ್ಟು ಕಿರಿದಾಗಿರಬೇಕು ಅಂತ ಬರೆದುಕೊಳ್ಳಿ. ಡಿಸ್‌ಪ್ಲೇಗೆ ರೆಕ್ 2020 ಅನ್ನುವ ಬಣ್ಣದ ಮಾನದಂಡ ಇದೆ. ಅದು ಕೇಳೋದು 630, 532 ಮತ್ತು 467 ನ್ಯಾನೋಮೀಟರ್‌ನ ಶುದ್ಧ ಬಣ್ಣಗಳನ್ನು. ಅದರ ಹತ್ತಿರ ಹೋಗಬೇಕಾದರೆ ಪೀಕ್‌ನ ಅಗಲ, ಅಂದರೆ ಅರ್ಧ ಎತ್ತರದಲ್ಲಿ ಅಳೆದ ಅಗಲ, 20ರಿಂದ 30 ನ್ಯಾನೋಮೀಟರ್ ಒಳಗಿದ್ದರೆ ಚೆನ್ನ. ಕೋಣೆಯ ದೀಪಕ್ಕೆ ಅಂಥ ಕಿರಿದು ಬೇಕಿಲ್ಲ. ಅಲ್ಲಿ ಅಗಲ ಇದ್ದಷ್ಟೂ ಬಟ್ಟೆಬರೆ, ಮುಖದ ಬಣ್ಣ ಸಹಜವಾಗಿ ಕಾಣುತ್ತದೆ.

ಎರಡನೆಯದು, ಹರಳು ಯಾವ ಸ್ಥಿತಿಯಲ್ಲಿ ಇರುತ್ತದೆ ಅನ್ನೋದು. ದ್ರಾವಣದಲ್ಲಿ ಹರಳುಗಳು ದೂರ ದೂರ ಇರುತ್ತವೆ. ಫಿಲ್ಮ್‌ನಲ್ಲಿ ಮೈಗೆ ಮೈ ತಾಗಿಸಿ ಕೂರುತ್ತವೆ. ಆಗ ಒಂದರ ಶಕ್ತಿ ಪಕ್ಕದ್ದಕ್ಕೆ ದಾಟುತ್ತದೆ, ಅಲ್ಲಿಂದ ಇನ್ನೊಂದಕ್ಕೆ. ಆ ಸಾಲಿನಲ್ಲಿ ಎಲ್ಲೋ ಒಂದು ಕೆಟ್ಟ ಹರಳು ಸಿಕ್ಕಿತು ಅಂದರೆ ಶಕ್ತಿ ಅಲ್ಲೇ ಬಿಸಿಯಾಗಿ ಹೋಗುತ್ತದೆ. ಬಾಟಲಿಯಲ್ಲಿ 90% ಇದ್ದದ್ದು ಫಿಲ್ಮ್‌ನಲ್ಲಿ ಅರ್ಧಕ್ಕೆ ಇಳಿದರೆ ಆಶ್ಚರ್ಯಪಡಬೇಡಿ.

ಮೂರನೆಯದು ಬಿಸಿ, ಗಾಳಿ, ನೀರು. ನಾಲ್ಕನೆಯದು ವಿಷ ಮತ್ತು ಕಾನೂನು. ಯುರೋಪಿನ ರೋಹ್ಸ್ ನಿಯಮದಲ್ಲಿ ಎಲೆಕ್ಟ್ರಾನಿಕ್ ಸಾಮಾನಿನ ಒಂದೊಂದು ಏಕರೂಪದ ವಸ್ತುವಿನಲ್ಲಿ ಕ್ಯಾಡ್ಮಿಯಂ ತೂಕದ 0.01% ದಾಟಬಾರದು, ಸೀಸ 0.1% ದಾಟಬಾರದು. ಒಂದಕ್ಕೊಂದು ಹತ್ತು ಪಟ್ಟು ವ್ಯತ್ಯಾಸ ಇದೆ ಅನ್ನೋದನ್ನು ಗಮನಿಸಿ. ಮುಂದೆ ಇದು ಕೆಲಸಕ್ಕೆ ಬರುತ್ತದೆ.

ಐದನೆಯದನ್ನು ಬಹಳ ಜನ ಮರೆಯುತ್ತಾರೆ: ಹರಳು ತಾನು ಬಿಟ್ಟ ಬೆಳಕನ್ನು ತಾನೇ ಮತ್ತೆ ಹೀರಿಕೊಳ್ಳುತ್ತದಾ? ಹೀರುವ ಬೆಳಕಿಗೂ ಬಿಡುವ ಬೆಳಕಿಗೂ ನಡುವಿನ ಅಂತರಕ್ಕೆ ಸ್ಟೋಕ್ಸ್ ಶಿಫ್ಟ್ ಅಂತಾರೆ. ಅದು ಕಡಿಮೆ ಇದ್ದರೆ ದಪ್ಪ ಪದರದಲ್ಲಿ ಬೆಳಕು ಹೊರಗೆ ಬರೋದೇ ಕಷ್ಟ. ಕೊನೆಗೆ ಖರ್ಚು. ಖರ್ಚು ಅಂದರೆ ಹರಳಿನ ಬೆಲೆ ಮಾತ್ರ ಅಲ್ಲ. ಅದನ್ನು ಮಾಡುವ ಸಾಧನ, ಅಳೆಯುವ ಸಾಧನ, ತ್ಯಾಜ್ಯ ವಿಲೇವಾರಿ ಎಲ್ಲವೂ ಸೇರಿಯೇ ಲೆಕ್ಕ.

ಕ್ಯಾಡ್ಮಿಯಂ ಸೆಲೆನೈಡ್: ಎಲ್ಲರಿಗೂ ಗೊತ್ತಿರುವ ದಾರಿ

ಇದರ ಬಗ್ಗೆ ಇರುವಷ್ಟು ಅನುಭವ ಬೇರೆ ಯಾವ ಹರಳಿನ ಬಗ್ಗೆಯೂ ಇಲ್ಲ. ತಪ್ಪಾದರೆ ಯಾಕೆ ತಪ್ಪಾಯಿತು ಅಂತ ಹುಡುಕೋದು ಸುಲಭ. ಹೊಸಬರಿಗೆ ಇದಕ್ಕಿಂತ ದೊಡ್ಡ ಲಾಭ ಇಲ್ಲ.

ಬೆಳೆಸುವಾಗ ನೋಡೋದೇ ಒಂದು ಖುಷಿ. ನೈಟ್ರೋಜನ್ ತುಂಬಿದ ಫ್ಲಾಸ್ಕ್‌ನಲ್ಲಿ ಕ್ಯಾಡ್ಮಿಯಂ ಇರುವ ದ್ರವ 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯುತ್ತಿರುತ್ತದೆ. ಸಿರಿಂಜ್‌ನಿಂದ ಸೆಲೆನಿಯಂ ದ್ರಾವಣವನ್ನು ಒಂದೇ ಸಲಕ್ಕೆ ಒತ್ತಬೇಕು. ಬಣ್ಣವಿಲ್ಲದ ದ್ರವ ಕಣ್ಣೆದುರೇ ಹಳದಿಯಾಗುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಕೆಂಪು. ಮಧ್ಯೆ ಮಧ್ಯೆ ಸ್ವಲ್ಪ ಸ್ವಲ್ಪ ತೆಗೆದು ತಣ್ಣಗಿನ ಟೊಲ್ವೀನ್‌ಗೆ ಹಾಕಿದರೆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಆ ಬಾಟಲಿಗಳನ್ನು ಸಾಲಾಗಿ ಇಟ್ಟು 365 ನ್ಯಾನೋಮೀಟರ್ ದೀಪ ಹಿಡಿದರೆ ಹಸಿರಿನಿಂದ ಕೆಂಪಿನವರೆಗೆ ಒಂದೇ ವಸ್ತುವಿನ ಬಣ್ಣಗಳು.

ಆದರೆ ಬರೀ ಹರಳಿನ ಹೊಳಪು ಅಷ್ಟಕ್ಕಷ್ಟೇ. ಮೇಲ್ಮೈಯಲ್ಲಿ ಜೋಡಿ ಸಿಗದೆ ಉಳಿದ ಅಣುಬಂಧಗಳು ಎಲೆಕ್ಟ್ರಾನ್ ಅಥವಾ ಹೋಲ್ ಅನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೆಳಕಾಗಬೇಕಾದದ್ದು ಬಿಸಿಯಾಗುತ್ತದೆ. ಅದಕ್ಕೇ ಹೊರಗೆ ಶೆಲ್ ಕಟ್ಟೋದು. 1996ರಲ್ಲಿ ಜಿಂಕ್ ಸಲ್ಫೈಡ್ ಶೆಲ್ ಕಟ್ಟಿ ಕೋಣೆಯ ಉಷ್ಣತೆಯಲ್ಲೇ 50% ಯೀಲ್ಡ್ ತೋರಿಸಿದರು. ಜಿಂಕ್ ಸಲ್ಫೈಡ್ ಗಟ್ಟಿ ಕಾವಲು, ನಿಜ. ಆದರೆ ಅದರ ಹರಳಿನ ಅಳತೆ ಒಳಗಿನದಕ್ಕೆ ಸುಮಾರು 12% ಹೊಂದುವುದಿಲ್ಲ. ದಪ್ಪ ಕಟ್ಟಿದರೆ ಒತ್ತಡ ಬಿದ್ದು ಹೊಸ ದೋಷಗಳು ಹುಟ್ಟುತ್ತವೆ. ಕ್ಯಾಡ್ಮಿಯಂ ಸಲ್ಫೈಡ್ ಶೆಲ್‌ನಲ್ಲಿ ಈ ಹೊಂದಾಣಿಕೆಯ ಕೊರತೆ ಸುಮಾರು 4% ಮಾತ್ರ. ಹಾಗಾಗಿ ದಪ್ಪವಾಗಿ, ನಿಧಾನವಾಗಿ ಬೆಳೆಸಬಹುದು. ಇಂಥ ಹರಳುಗಳಲ್ಲೇ 2019ರಲ್ಲಿ 99.6% ಯೀಲ್ಡ್ ಅಳೆದಿದ್ದಾರೆ. ಇನ್ನು ಅದರಾಚೆ ಹೋಗೋಕೆ ಜಾಗವೇ ಇಲ್ಲ.

ಒಂದೊಂದೇ ಹರಳನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡುವವರು ಇನ್ನೊಂದು ವಿಷಯ ತಿಳಿದಿರಬೇಕು. ಹರಳು ಹೊತ್ತಿ ಆರಿ ಹೊತ್ತಿ ಆರಿ ಮಾಡುತ್ತದೆ. 1996ರಲ್ಲಿ ಇದನ್ನು ಮೊದಲ ಸಲ ವರದಿ ಮಾಡಿದರು. ಹರಳಿನಲ್ಲಿ ಒಂದು ವಿದ್ಯುದಂಶ ಹೆಚ್ಚಿಗೆ ಉಳಿದರೆ ಹೊಸದಾಗಿ ಬಂದ ಶಕ್ತಿ ಬೆಳಕಾಗುವ ಬದಲು ಅದಕ್ಕೇ ಹೋಗುತ್ತದೆ. ಇದಕ್ಕೆ ಓಜೆ ಪ್ರಕ್ರಿಯೆ ಅಂತ ಹೆಸರು. ದಪ್ಪ ಕ್ಯಾಡ್ಮಿಯಂ ಸಲ್ಫೈಡ್ ಶೆಲ್ ಈ ಮಿಣುಕಾಟವನ್ನು ಬಹಳ ಕಡಿಮೆ ಮಾಡುತ್ತದೆ.

ಹಾಗಾದರೆ ಎಲ್ಲಿ ಬೇಡ? ಮಾರುಕಟ್ಟೆಗೆ ಹೋಗುವ ಸಾಮಾನಿನಲ್ಲಿ ಬೇಡ. ಮೇಲಿನ 0.01% ಮಿತಿ ನೆನಪಿದೆಯಲ್ಲಾ? ದೇಹದೊಳಗೆ ಹಾಕುವ ಕೆಲಸಕ್ಕೂ ನಾನು ಬೇಡ ಅಂತೀನಿ. ಮೇಲ್ಮೈ ಗಾಳಿಗೆ, ಅತಿನೇರಳೆ ಬೆಳಕಿಗೆ ಸಿಕ್ಕರೆ ಕ್ಯಾಡ್ಮಿಯಂ ಅಯಾನು ಹೊರಬರುತ್ತದೆ. ಶೆಲ್ ಅದನ್ನು ತಡೆಯುತ್ತದೆ, ಪೂರ್ತಿ ನಿಲ್ಲಿಸುತ್ತದೆ ಅಂತ ಹೇಳಲಾಗದು.

ಹಸಿರು ಅಥವಾ ನೀಲಿ ತುಂಬಾ ಶುದ್ಧವಾಗಿ ಬೇಕಾದರೆ ಇದೇ ಕುಟುಂಬದ ಚಪ್ಪಟೆ ಹರಳುಗಳನ್ನೂ ನೋಡಿ. ದಪ್ಪ ಎಷ್ಟು ಅಣುಪದರ ಅಂತ ನಿಖರವಾಗಿ ಇರೋದರಿಂದ ಪೀಕ್‌ನ ಅಗಲ 10 ನ್ಯಾನೋಮೀಟರ್ ಹತ್ತಿರಕ್ಕೆ ಇಳಿಯುತ್ತದೆ. ಬಣ್ಣ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತದೆ, ನಡುವಿನದು ಸಿಗಲ್ಲ.

ಇಂಡಿಯಂ ಫಾಸ್ಫೈಡ್: ಮಾರುಕಟ್ಟೆಯ ಕೂಸು

ಕ್ಯಾಡ್ಮಿಯಂ ಬೇಡ, ಸೀಸವೂ ಬೇಡ, ಆದರೂ ಕೆಂಪು ಮತ್ತು ಹಸಿರು ಚೆನ್ನಾಗಿರಬೇಕು ಅಂದರೆ ಇದೇ ಮೊದಲ ಆಯ್ಕೆ. ಕ್ಯಾಡ್ಮಿಯಂ ಇಲ್ಲದ ಕ್ವಾಂಟಮ್ ಡಾಟ್ ಟಿವಿಗಳಲ್ಲಿ ಕೆಲಸ ಮಾಡೋದು ಮುಖ್ಯವಾಗಿ ಇದು. ಅಲ್ಲಿ ನೀಲಿ ಎಲ್‌ಇಡಿಯ ಅಥವಾ ನೀಲಿ ಓಎಲ್‌ಇಡಿಯ ಬೆಳಕು ಹರಳುಗಳ ಪದರಕ್ಕೆ ಬೀಳುತ್ತದೆ, ಪದರ ಅದನ್ನು ಹಸಿರು, ಕೆಂಪಾಗಿ ಬದಲಿಸುತ್ತದೆ. ಅಂದಹಾಗೆ, ಅಂಗಡಿಯಲ್ಲಿ ಕ್ಯೂಎಲ್‌ಇಡಿ ಅಂತ ಸಿಗುವ ಟಿವಿಗಳಲ್ಲಿ ಹರಳಿಗೆ ಕರೆಂಟ್ ಹರಿಯೋದಿಲ್ಲ. ಹೆಸರು ಹಾಗಿದೆ ಅಷ್ಟೇ.

ಇದರ ತೊಂದರೆಗಳನ್ನು ಮುಚ್ಚಿಡಲ್ಲ. ದೊಡ್ಡ ಹರಳಿನ ಗ್ಯಾಪ್ 1.35 ಎಲೆಕ್ಟ್ರಾನ್ ವೋಲ್ಟ್, ಅಂದರೆ ಅವಕೆಂಪು. ಅಲ್ಲಿಂದ ಹಸಿರಿನವರೆಗೆ ಎಳೆದು ತರಬೇಕಾದರೆ ಹರಳು ತುಂಬಾ ಚಿಕ್ಕದಾಗಬೇಕು. ಚಿಕ್ಕದಾದಷ್ಟೂ ಗಾತ್ರದ ಸಣ್ಣ ವ್ಯತ್ಯಾಸವೂ ಬಣ್ಣದಲ್ಲಿ ದೊಡ್ಡದಾಗಿ ಕಾಣುತ್ತದೆ. ಅದಕ್ಕೇ ಪೀಕ್‌ನ ಅಗಲ ಸಾಮಾನ್ಯವಾಗಿ 35ರಿಂದ 45 ನ್ಯಾನೋಮೀಟರ್. ಕ್ಯಾಡ್ಮಿಯಂ ಸೆಲೆನೈಡ್‌ನಲ್ಲಿ 25ರಿಂದ 30 ಸಲೀಸಾಗಿ ಬರುತ್ತದೆ. ಇನ್ನೊಂದು, 450 ನ್ಯಾನೋಮೀಟರ್‌ನ ನೀಲಿಯನ್ನು ಇದು ಅಷ್ಟು ಗಟ್ಟಿಯಾಗಿ ಹೀರುವುದಿಲ್ಲ. ಪದರ ದಪ್ಪ ಮಾಡಬೇಕು, ಇಲ್ಲದಿದ್ದರೆ ನೀಲಿ ಸೋರಿ ಹಸಿರು ಮಂಕಾಗುತ್ತದೆ.

ಮಾಡೋದು ಇನ್ನೂ ಕಷ್ಟ. ಹಳೆಯ ವಿಧಾನದಲ್ಲಿ ಬಳಸುವ ಟ್ರಿಸ್ ಟ್ರೈಮೀಥೈಲ್‌ಸಿಲೈಲ್ ಫಾಸ್ಫೀನ್ ದುಬಾರಿ. ಜೊತೆಗೆ ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಗ್ಲೋವ್ ಬಾಕ್ಸ್ (ಗಾಳಿ ಬರದ ಮುಚ್ಚಿದ ಪೆಟ್ಟಿಗೆ) ಇಲ್ಲದೆ ಅದರ ಹತ್ತಿರ ಹೋಗಬೇಡಿ. ಅಮೈನೋಫಾಸ್ಫೀನ್ ಬಳಸುವ ಹೊಸ ದಾರಿ ಇದೆ. ಅಗ್ಗ, ಅಪಾಯ ಕಡಿಮೆ. ಕೈ ಕಟ್ಟಿಹಾಕುವ ಬಜೆಟ್ ಇರುವ ಲ್ಯಾಬ್‌ಗೆ ಅದೇ ಸರಿ. ಹಾಗಂತ ಅದನ್ನೂ ನೈಟ್ರೋಜನ್ ಇಲ್ಲದೆ ಮಾಡುವ ಹಾಗಿಲ್ಲ.

ಇಷ್ಟಾದರೂ ಇದನ್ನು ಬಿಡಬೇಡಿ ಅಂತ ಹೇಳೋಕೆ ಕಾರಣ, ಅದು ಎಲ್ಲಿಂದ ಎಲ್ಲಿಗೆ ಬಂತು ಅನ್ನೋದು. ಬರೀ ಹರಳು ಹೊಳೆಯೋದೇ ಕಡಿಮೆ. ಮೇಲ್ಮೈಯ ಆಕ್ಸೈಡ್ ತೆಗೆದು, ಮೊದಲು ಜಿಂಕ್ ಸೆಲೆನೈಡ್, ಅದರ ಮೇಲೆ ಜಿಂಕ್ ಸಲ್ಫೈಡ್ ಕಟ್ಟಿದ ಮೇಲೆ ಕಥೆಯೇ ಬೇರೆ. 2019ರಲ್ಲಿ ಸ್ಯಾಮ್‌ಸಂಗ್‌ನ ಸಂಶೋಧಕರು ಇಂಥ ಹರಳಿಗೆ ನೇರವಾಗಿ ಕರೆಂಟ್ ಕೊಟ್ಟು ಬೆಳಗಿಸಿ, 21.4% ಬಾಹ್ಯ ಕ್ವಾಂಟಮ್ ದಕ್ಷತೆಯ (ಒಳಗೆ ಹೋದ ಪ್ರತಿ ನೂರು ಎಲೆಕ್ಟ್ರಾನ್‌ಗೆ ಹೊರಬಂದ ಫೋಟಾನ್‌ಗಳ ಲೆಕ್ಕ) ಕೆಂಪು ಎಲ್‌ಇಡಿ ತೋರಿಸಿದರು. ನೀಲಿಗೆ ಮಾತ್ರ ಇಂಡಿಯಂ ಫಾಸ್ಫೈಡ್ ಬೇಡ. ಅಲ್ಲಿ ಜಿಂಕ್ ಸೆಲೆನೈಡ್‌ಗೆ ಸ್ವಲ್ಪ ಟೆಲುರಿಯಂ ಬೆರೆಸಿದ ಹರಳು ಮುಂದಿದೆ. 2020ರಲ್ಲಿ ಅದೇ ಸಂಸ್ಥೆಯಿಂದ 20.2% ದಕ್ಷತೆಯ ನೀಲಿ ಬಂತು. ದಕ್ಷತೆ ಬಂದರೂ ನೀಲಿಯ ಆಯಸ್ಸು ಕೆಂಪಿನಷ್ಟು ಬಂದಿಲ್ಲ. ಕರೆಂಟ್‌ನಿಂದ ಬೆಳಗುವ ನೀಲಿ ಕ್ವಾಂಟಮ್ ಡಾಟ್ ಅಂದರೆ ಈಗಲೂ ಸಂಶೋಧನೆಯ ವಿಷಯ ಅಂತಲೇ ತಿಳಿಯಿರಿ.

ಪೆರೊವ್‌ಸ್ಕೈಟ್: ಚೆಂದವೂ ಹೌದು, ನಾಜೂಕೂ ಹೌದು

2015ರಲ್ಲಿ ಮಕ್ಸಿಮ್ ಕೊವಲೆಂಕೊ ಅವರ ಜ್ಯೂರಿಕ್ ಗುಂಪು ಸೀಸಿಯಂ ಲೆಡ್ ಹ್ಯಾಲೈಡ್ ಹರಳುಗಳನ್ನು ತೋರಿಸಿತು. 410ರಿಂದ 700 ನ್ಯಾನೋಮೀಟರ್‌ವರೆಗೆ ಎಲ್ಲ ಬಣ್ಣ, ಪೀಕ್‌ನ ಅಗಲ 12ರಿಂದ 42 ನ್ಯಾನೋಮೀಟರ್, ಯೀಲ್ಡ್ 90%ವರೆಗೆ. ಅದೂ ಶೆಲ್ ಕಟ್ಟದೆ! ಕ್ಯಾಡ್ಮಿಯಂ, ಇಂಡಿಯಂ ಜೊತೆ ಒದ್ದಾಡಿದವರಿಗೆ ಇದು ನಂಬೋಕೇ ಕಷ್ಟವಾಗಿತ್ತು. ಈ ಹರಳಿನಲ್ಲಿ ದೋಷಗಳು ಇರುತ್ತವೆ. ಆದರೆ ಹೆಚ್ಚಿನವು ಗ್ಯಾಪ್‌ನ ಮಧ್ಯಕ್ಕೆ ಬಂದು ಬಲೆ ಬೀಸುವುದಿಲ್ಲ. ಗುಟ್ಟು ಅದೇ.

ಇಲ್ಲಿ ಬಣ್ಣ ಮುಖ್ಯವಾಗಿ ಗಾತ್ರದಿಂದ ಬರೋದಿಲ್ಲ, ಯಾವ ಹ್ಯಾಲೈಡ್ ಅನ್ನೋದರಿಂದ ಬರುತ್ತದೆ. ಕ್ಲೋರೈಡ್ ನೇರಳೆ, ಬ್ರೋಮೈಡ್ ಹಸಿರು, ಅಯೋಡೈಡ್ ಕೆಂಪು. ಗಾತ್ರ ಸ್ವಲ್ಪ ಹೆಚ್ಚುಕಮ್ಮಿ ಆದರೂ ಬಣ್ಣ ಹೆಚ್ಚು ಅಲುಗಾಡುವುದಿಲ್ಲ. ಮಾಡೋದೂ ಸುಲಭ. ಬಿಸಿ ವಿಧಾನದಲ್ಲಿ 140ರಿಂದ 200 ಡಿಗ್ರಿ ಸಾಕು, ಕೆಲವೇ ಸೆಕೆಂಡಿನಲ್ಲಿ ಫ್ಲಾಸ್ಕ್ ಐಸ್ ನೀರಿಗೆ. ಇನ್ನೂ ಸುಲಭ ಬೇಕಾದರೆ ಲವಣಗಳನ್ನು ಡಿಎಂಎಫ್ (ಡೈಮೀಥೈಲ್‌ಫಾರ್ಮಮೈಡ್) ಅನ್ನುವ ದ್ರಾವಕದಲ್ಲಿ ಕರಗಿಸಿ, ಕಲಕುತ್ತಿರುವ ಟೊಲ್ವೀನ್‌ಗೆ ಹನಿ ಹನಿಯಾಗಿ ಬಿಡಿ. ಕೋಣೆಯ ಉಷ್ಣತೆಯಲ್ಲೇ ಹಸಿರು ಹೊಳಪು ಹುಟ್ಟುತ್ತದೆ. ಕೆಲಸ ಫ್ಯೂಮ್ ಹುಡ್ (ಆವಿಯನ್ನು ಹೊರಗೆ ಎಳೆಯುವ ಕಪಾಟು) ಒಳಗೇ ನಡೆಯಲಿ, ಡಿಎಂಎಫ್ ಉಸಿರಾಡುವ ವಸ್ತುವಲ್ಲ.

ಈಗ ಇನ್ನೊಂದು ಮುಖ. ಹಸಿರು ಹೊಳೆಯುವ ಬ್ರೋಮೈಡ್ ಬಾಟಲಿಗೆ ಅಯೋಡೈಡ್ ಹರಳುಗಳ ದ್ರಾವಣ ಸ್ವಲ್ಪ ಸ್ವಲ್ಪವೇ ಸೇರಿಸಿ, ದೀಪ ಹಿಡಿದು ನೋಡಿ. ಹಸಿರು ಹಳದಿಯಾಗುತ್ತದೆ, ಇನ್ನಷ್ಟು ಸೇರಿಸಿದರೆ ಕಿತ್ತಳೆ. ಹ್ಯಾಲೈಡ್‌ಗಳು ಒಂದು ಹರಳಿನಿಂದ ಇನ್ನೊಂದಕ್ಕೆ ಸಲೀಸಾಗಿ ಓಡಾಡುತ್ತವೆ. ಆಟಕ್ಕೆ ಇದು ಚೆನ್ನ. ಆದರೆ ಹಸಿರು, ಕೆಂಪು ಎರಡನ್ನೂ ಒಂದೇ ಫಿಲ್ಮ್‌ನಲ್ಲಿ ಬೆರೆಸಿ ಹಾಕಬೇಕು ಅಂದುಕೊಂಡವರ ಯೋಜನೆ ಇಲ್ಲಿಗೇ ನೆಲ ಕಚ್ಚುತ್ತದೆ. ಅದೇ ಬಾಟಲಿಗೆ ಆಲ್ಕೋಹಾಲ್ ಸುರಿದು ತೊಳೆಯೋಕೆ ಹೋದರೂ ಅಷ್ಟೇ. ಲಿಗ್ಯಾಂಡ್‌ಗಳು, ಅಂದರೆ ಹರಳಿನ ಮೇಲ್ಮೈಗೆ ಅಂಟಿ ಅದನ್ನು ಕಾಪಾಡುವ ಅಣುಗಳು, ಸಡಿಲವಾಗಿ ಕೂತಿರುತ್ತವೆ, ಬಿಟ್ಟು ಹೋಗುತ್ತವೆ, ಹೊಳಪು ಇಳಿಯುತ್ತದೆ. ಕೆಂಪಿನ ಅಯೋಡೈಡ್ ಇನ್ನೂ ನಾಜೂಕು. ಅದು ತಾನಾಗಿಯೇ ಹೊಳೆಯದ ಹಳದಿ ರೂಪಕ್ಕೆ ಮಗುಚಿಕೊಳ್ಳುತ್ತದೆ.

ಸೀಸದ ಮಾತು. ರೋಹ್ಸ್ ಮಿತಿ ಕ್ಯಾಡ್ಮಿಯಂಗಿಂತ ಹತ್ತು ಪಟ್ಟು ಸಡಿಲ ಅಂತ ಆಗಲೇ ಹೇಳಿದೆ. ಈ ಹರಳು ನೀಲಿಯನ್ನು ಗಟ್ಟಿಯಾಗಿ ಹೀರುವುದರಿಂದ ಪಾಲಿಮರ್ ಫಿಲ್ಮ್‌ನಲ್ಲಿ ಸ್ವಲ್ಪವೇ ಬೆರೆಸಿದರೂ ಸಾಕು, ಮಿತಿಯೊಳಗೆ ಉಳಿಯೋದು ಸಾಧ್ಯ. ಆದರೆ ಹರಳು ನೀರಿನಲ್ಲಿ ಕೆಡುತ್ತದೆ, ಕೆಟ್ಟಾಗ ಸೀಸ ಹೊರಬರುತ್ತದೆ. ಕಾಗದದ ಮೇಲೆ ಪಾಸಾಗೋದು, ಮನಸ್ಸಿಗೆ ಒಪ್ಪೋದು ಬೇರೆ ಬೇರೆ. ನನ್ನ ಮಟ್ಟಿಗೆ ಹಸಿರು ಫಿಲ್ಮ್‌ಗೆ, ಚೆನ್ನಾಗಿ ಮುಚ್ಚಿ ಸೀಲ್ ಮಾಡಿದ ಕಡೆ, ಇದಕ್ಕೆ ಸಾಟಿ ಇಲ್ಲ. ಬಿಚ್ಚಿಟ್ಟ ಕಡೆ, ಜೀವಕೋಶದ ಕೆಲಸದಲ್ಲಿ, ಬೇಡವೇ ಬೇಡ.

ಅಗಲವಾದ ಬೆಳಕು ಬೇಕಾದವರಿಗೆ: ಕಾಪರ್ ಇಂಡಿಯಂ ಸಲ್ಫೈಡ್

ಪೀಕ್‌ನ ಅಗಲ 100 ನ್ಯಾನೋಮೀಟರ್ ಆಸುಪಾಸು. ಡಿಸ್‌ಪ್ಲೇ ಮಾಡುವವರು ಇದನ್ನು ನೋಡಿ ಮುಖ ತಿರುಗಿಸುತ್ತಾರೆ. ಹೋಲ್ ತಾಮ್ರಕ್ಕೆ ಸಂಬಂಧಿಸಿದ ಒಂದು ಮಟ್ಟದಲ್ಲಿ ಸಿಕ್ಕಿಹಾಕಿಕೊಂಡು, ಅಲ್ಲಿಂದ ಎಲೆಕ್ಟ್ರಾನ್ ಜೊತೆ ಸೇರುತ್ತದೆ. ಅದಕ್ಕೇ ಇಷ್ಟು ಅಗಲ. ಆದರೆ ಅದೇ ಕಾರಣಕ್ಕೆ ಸ್ಟೋಕ್ಸ್ ಶಿಫ್ಟ್ ಕೂಡ ದೊಡ್ಡದು. ತಾನು ಬಿಟ್ಟ ಬೆಳಕನ್ನು ತಾನು ಹೀರೋದು ಕಡಿಮೆ. ಬಿಸಿಲನ್ನು ಹೀರಿ ಗಾಜಿನ ಅಂಚಿಗೆ ಸಾಗಿಸಿ ಅಲ್ಲಿರುವ ಸೋಲಾರ್ ಸೆಲ್‌ಗೆ ಕೊಡುವ ಕಿಟಕಿಗಳಿವೆಯಲ್ಲಾ, ಅಲ್ಲಿ ಬೆಳಕು ಬಹಳ ದೂರ ಗಾಜಿನೊಳಗೇ ಸಾಗಬೇಕು. ಕ್ಯಾಡ್ಮಿಯಂ ಸೆಲೆನೈಡ್ ದಾರಿಯಲ್ಲೇ ಅದನ್ನು ಮತ್ತೆ ನುಂಗುತ್ತದೆ, ಇದು ದಾಟಿಸುತ್ತದೆ.

ಮಾಡುವ ಕ್ರಮವೂ ಬಜೆಟ್‌ಗೆ ಹೊಂದುತ್ತದೆ. ತಾಮ್ರ ಮತ್ತು ಇಂಡಿಯಂ ಲವಣಗಳನ್ನು ಡೋಡೆಕೇನ್‌ಥಯೋಲ್‌ನಲ್ಲಿ ಒಟ್ಟಿಗೆ ಹಾಕಿ 200 ಡಿಗ್ರಿ ದಾಟಿಸಿದರೆ ಹರಳು ಬೆಳೆಯುತ್ತದೆ. ಸಿರಿಂಜ್ ಹೊಡೆಯುವ ಗಡಿಬಿಡಿ ಇಲ್ಲ. ಮೇಲೆ ಜಿಂಕ್ ಸಲ್ಫೈಡ್ ಕಟ್ಟೋದನ್ನು ಮಾತ್ರ ಬಿಡಬೇಡಿ. ಥಯೋಲ್ ವಾಸನೆಗೆ ಅಕ್ಕಪಕ್ಕದ ಲ್ಯಾಬ್‌ನವರು ಜಗಳಕ್ಕೆ ಬರುತ್ತಾರೆ, ಅದೊಂದಕ್ಕೆ ಸಿದ್ಧರಾಗಿರಿ.

ಸಿಲಿಕಾನ್ ಮತ್ತು ಲೆಡ್ ಸಲ್ಫೈಡ್

ಸಿಲಿಕಾನ್ ಹೊಳೆಯುತ್ತೆ ಅಂದರೆ ಮೊದಲು ಯಾರೂ ಒಪ್ಪುತ್ತಿರಲಿಲ್ಲ. ದೊಡ್ಡ ಹರಳಿನಲ್ಲಿ ಎಲೆಕ್ಟ್ರಾನ್, ಹೋಲ್ ನೇರವಾಗಿ ಸೇರೋಕೆ ಆಗಲ್ಲ, ಹರಳಿನ ಕಂಪನದ ಸಹಾಯ ಬೇಕು. 1990ರಲ್ಲಿ ಲೀ ಕ್ಯಾನಮ್ ರಂಧ್ರಭರಿತ ಸಿಲಿಕಾನ್‌ನಿಂದ ಕೋಣೆಯ ಉಷ್ಣತೆಯಲ್ಲಿ ಕೆಂಪು ಬೆಳಕು ತೋರಿಸಿದ ಮೇಲೆ ಜನ ಓಡಿ ಬಂದರು. ಚೆನ್ನಾಗಿ ಮೇಲ್ಮೈ ಮುಚ್ಚಿದ ಸಿಲಿಕಾನ್ ಹರಳುಗಳಲ್ಲಿ 60% ದಾಟಿದ ಯೀಲ್ಡ್ ಕೂಡ ಅಳೆದಿದ್ದಾರೆ. ಹೊಳಪು ಇರೋದು ಕೆಂಪು ಮತ್ತು ಅದರಾಚೆಯ ಅವಕೆಂಪಿನಲ್ಲಿ. ನೀಲಿ ಸಿಲಿಕಾನ್ ಅಂತ ಯಾರಾದರೂ ತೋರಿಸಿದರೆ ಅದು ಹರಳಿನದ್ದಾ, ಮೇಲ್ಮೈಯ ದೋಷದ್ದಾ ಅಂತ ಕೇಳಿ.

ಇದರ ಬೆಳಕು ನಿಧಾನ. ಕ್ಯಾಡ್ಮಿಯಂ ಸೆಲೆನೈಡ್ ಸುಮಾರು 20 ನ್ಯಾನೋಸೆಕೆಂಡ್‌ನಲ್ಲಿ ಬೆಳಕು ಬಿಟ್ಟರೆ ಇದು ಹತ್ತಾರು, ನೂರಾರು ಮೈಕ್ರೋಸೆಕೆಂಡ್ ತಗೊಳ್ಳುತ್ತದೆ. ವೇಗದ ಎಲ್‌ಇಡಿಗೆ ಇದು ಕೊರತೆ. ಜೀವಕೋಶದ ಚಿತ್ರಣದಲ್ಲಿ ಇದೇ ವರ. ಜೀವಕೋಶದ ಸ್ವಂತ ಹೊಳಪು ಕೆಲವು ನ್ಯಾನೋಸೆಕೆಂಡ್‌ನಲ್ಲಿ ಆರಿಹೋಗುತ್ತದೆ. ಸ್ವಲ್ಪ ತಡೆದು ಕ್ಯಾಮೆರಾ ತೆರೆದರೆ ಸಿಲಿಕಾನ್ ಮಾತ್ರ ಕಾಣುತ್ತದೆ. ಜೊತೆಗೆ ದೇಹದಲ್ಲಿ ಕರಗಿ ಸಿಲಿಸಿಕ್ ಆಮ್ಲವಾಗಿ ಹೋಗುತ್ತದೆ.

ಲೆಡ್ ಸಲ್ಫೈಡ್‌ನ ಕಥೆ ಚಿಕ್ಕದು. ಗ್ಯಾಪ್ 0.41 ಎಲೆಕ್ಟ್ರಾನ್ ವೋಲ್ಟ್, ಹಾಗಾಗಿ 800 ನ್ಯಾನೋಮೀಟರ್‌ನಿಂದ 1,500 ದಾಟುವವರೆಗೂ ಬೇಕಾದಲ್ಲಿ ನಿಲ್ಲಿಸಬಹುದು. ಕಣ್ಣಿಗೆ ಕಾಣದ ಬೆಳಕು ಬೇಕಾದವರಿಗೆ ಇದು ಬಿಟ್ಟರೆ ಇಂಡಿಯಂ ಆರ್ಸೆನೈಡ್, ಸಿಲ್ವರ್ ಸಲ್ಫೈಡ್ ಇವೆ. ಎರಡರಲ್ಲೂ ಸೀಸ ಇಲ್ಲ. ಆದರೆ ತಗೊಳ್ಳುವ ಮೊದಲು ನಿಮ್ಮ ಡಿಟೆಕ್ಟರ್ ನೋಡಿಕೊಳ್ಳಿ. ಸಾಮಾನ್ಯ ಸಿಲಿಕಾನ್ ಡಿಟೆಕ್ಟರ್ 1,100 ನ್ಯಾನೋಮೀಟರ್ ಹತ್ತಿರ ಕುರುಡಾಗುತ್ತದೆ. ಅದರಾಚೆ ನೋಡೋಕೆ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಡಿಟೆಕ್ಟರ್ ಬೇಕು, ಅದರ ಬೆಲೆ ಹರಳಿನ ಖರ್ಚನ್ನೆಲ್ಲ ನುಂಗಿಬಿಡುತ್ತದೆ. ಡಿಟೆಕ್ಟರ್ ಇಲ್ಲದವರು 900ರ ಸುತ್ತ ಇರುವ ಹರಳು ಆರಿಸಿದರೆ ಕೆಲಸ ನಡೆಯುತ್ತದೆ.

ಯಾರಿಗೆ ಯಾವುದು

ಒಂದು ಸೆಮಿಸ್ಟರ್‌ನ ಪ್ರಾಜೆಕ್ಟ್, ಗಾತ್ರಕ್ಕೂ ಬಣ್ಣಕ್ಕೂ ಸಂಬಂಧ ತೋರಿಸಬೇಕು, ಶ್ಲೆಂಕ್ ಲೈನ್ (ಗಾಳಿ ತಾಗದಂತೆ ನೈಟ್ರೋಜನ್‌ನಲ್ಲಿ ಕೆಲಸ ಮಾಡುವ ಸಾಧನ) ಇದೆ ಅನ್ನುವವರು ಕ್ಯಾಡ್ಮಿಯಂ ಸೆಲೆನೈಡ್ ಮಾಡಿ. ಕೈಗವಸು, ಫ್ಯೂಮ್ ಹುಡ್, ಬೇರೆಯದೇ ತ್ಯಾಜ್ಯದ ಡಬ್ಬಿ ಇವು ಮೂರೂ ಇಲ್ಲದಿದ್ದರೆ ಮಾಡಬೇಡಿ. ಶ್ಲೆಂಕ್ ಲೈನ್ ಇಲ್ಲದವರು ಪೆರೊವ್‌ಸ್ಕೈಟ್‌ನ ಕೋಣೆಯ ಉಷ್ಣತೆಯ ವಿಧಾನ ಹಿಡಿಯಿರಿ. ಅಲ್ಲಿ ಗಾತ್ರದ ಪಾಠ ಅಷ್ಟಾಗಿ ಸಿಗಲ್ಲ, ಹ್ಯಾಲೈಡ್ ಬದಲಾವಣೆಯ ಪಾಠ ಸಿಗುತ್ತದೆ. ಸೀಸದ ತ್ಯಾಜ್ಯಕ್ಕೂ ಅದೇ ಶಿಸ್ತು.

ಮಾರಾಟಕ್ಕೆ ಹೋಗುವ ಡಿಸ್‌ಪ್ಲೇ ಫಿಲ್ಮ್ ಅಂದರೆ ಕೆಂಪಿಗೆ ಇಂಡಿಯಂ ಫಾಸ್ಫೈಡ್, ಕಣ್ಣು ಮುಚ್ಚಿ. ಹಸಿರಿಗೆ ಇಂಡಿಯಂ ಫಾಸ್ಫೈಡ್ ಸುರಕ್ಷಿತ, ಪೆರೊವ್‌ಸ್ಕೈಟ್ ಚೆಂದ. ಸೀಲಿಂಗ್ ಮಾಡುವ ತಾಕತ್ತು ಇದ್ದವರು ಮಾತ್ರ ಎರಡನೆಯದಕ್ಕೆ ಕೈ ಹಾಕಿ. ಹರಳನ್ನು ಎಲ್‌ಇಡಿ ಚಿಪ್ ಮೇಲೆ ನೇರವಾಗಿ ಹಾಕುವ ಯೋಚನೆ ಇದ್ದರೆ ಇನ್ನೊಮ್ಮೆ ಯೋಚಿಸಿ. ಅಲ್ಲಿ ಬಿಸಿ 100 ಡಿಗ್ರಿ ದಾಟಬಹುದು, ಬೆಳಕೂ ತೀಕ್ಷ್ಣ.

ಬರೀ ಬಿಳಿ ದೀಪ ಬೇಕಾ? ಹಾಗಾದರೆ ನ್ಯಾನೋಕ್ರಿಸ್ಟಲ್ ಯಾಕೆ ಬೇಕು ಅಂತ ನನ್ನ ಪ್ರಶ್ನೆ. ನೀಲಿ ಎಲ್‌ಇಡಿ ಮೇಲೆ ಹಾಕುವ ಹಳದಿ ಫಾಸ್ಫರ್ (ನೀಲಿ ಹೀರಿ ಹಳದಿ ಬೆಳಕು ಬಿಡುವ ಪುಡಿ) ಅಗ್ಗ, ಗಟ್ಟಿ, ದಶಕಗಳಿಂದ ನಡೆದುಬಂದದ್ದು. ಕೆಂಪು ಸೇರಿಸಬೇಕಾದರೆ 630 ನ್ಯಾನೋಮೀಟರ್ ಹತ್ತಿರ ಕಿರಿದಾದ ಗೆರೆಗಳಿರುವ ಮ್ಯಾಂಗನೀಸ್ ಬೆರೆಸಿದ ಫ್ಲೋರೈಡ್ ಫಾಸ್ಫರ್ ಇದೆ. ಸುಮ್ನೆ ಹೊಸದು ಅಂತ ದುಬಾರಿ ದಾರಿ ಹಿಡಿಯಬೇಡಿ.

ಜೀವಕೋಶದ ಕೆಲಸಕ್ಕೂ ಇದೇ ಮಾತು. ಒಂದೇ ಬಣ್ಣ, ಅರ್ಧ ಗಂಟೆ ನೋಡಿದರೆ ಸಾಕು ಅಂದರೆ ಸಾವಯವ ಡೈ ಸಾಕು, ಗಾತ್ರವೂ ಚಿಕ್ಕದು. ಒಂದೇ ಲೇಸರ್‌ನಿಂದ ಹಲವು ಬಣ್ಣ ಬೆಳಗಿಸಬೇಕು, ಗಂಟೆಗಟ್ಟಲೆ ಹಿಂಬಾಲಿಸಬೇಕು ಅಂದರೆ ಆಗ ನ್ಯಾನೋಕ್ರಿಸ್ಟಲ್. 1998ರಲ್ಲಿ ಎರಡು ಗುಂಪುಗಳು ಇದನ್ನು ತೋರಿಸಿದ್ದು ಕ್ಯಾಡ್ಮಿಯಂ ಸೆಲೆನೈಡ್‌ನಲ್ಲಿ. ಇವತ್ತು ಗಾಜಿನ ತಟ್ಟೆಯ ಮೇಲಿನ ಕೋಶಕ್ಕೆ ಅದೇ ಸರಿ. ಜೀವಂತ ಪ್ರಾಣಿಗೆ ಇಂಡಿಯಂ ಫಾಸ್ಫೈಡ್ ಅಥವಾ ಸಿಲಿಕಾನ್ ನೋಡಿ. ಎಲ್ಲದಕ್ಕೂ ನೀರಿನಲ್ಲಿ ನಿಲ್ಲುವ ಹೊದಿಕೆ ಬೇಕು, ಹೊದಿಕೆ ಸೇರಿದ ಮೇಲೆ ಗಾತ್ರ 10 ನ್ಯಾನೋಮೀಟರ್ ದಾಟುತ್ತದೆ ಅನ್ನೋದು ಲೆಕ್ಕದಲ್ಲಿ ಇರಲಿ.

ಒಂದೊಂದೇ ಫೋಟಾನ್ ಬೇಕಾದವರು ಎರಡು ಗುಂಪು. ಕೋಣೆಯ ಉಷ್ಣತೆಯಲ್ಲಿ ಕೆಲಸ ಮಾಡುವವರಿಗೆ ದಪ್ಪ ಶೆಲ್‌ನ ಕ್ಯಾಡ್ಮಿಯಂ ಸೆಲೆನೈಡ್. ದ್ರವ ಹೀಲಿಯಂನಷ್ಟು ಅತಿ ತಣ್ಣನೆಯ ಉಷ್ಣತೆಗೆ ಇಳಿಯುವವರಿಗೆ ಪೆರೊವ್‌ಸ್ಕೈಟ್, ಯಾಕಂದರೆ ಅಲ್ಲಿ ಅದು ಕೆಲವು ನೂರು ಪಿಕೋಸೆಕೆಂಡ್‌ನಲ್ಲೇ ಬೆಳಕು ಬಿಡುತ್ತದೆ.

ಕೊಳ್ಳೋದಾ, ಮಾಡೋದಾ? ಹರಳೇ ನಿಮ್ಮ ವಿಷಯ ಅಲ್ಲದಿದ್ದರೆ ಕೊಳ್ಳಿ. ಮೊದಲು ಚಿಕ್ಕ ಬಾಟಲಿ ಮಾತ್ರ. ಬಂದ ದಿನವೇ ಹೀರಿಕೆ ಮತ್ತು ಹೊಳಪಿನ ಸ್ಪೆಕ್ಟ್ರಂ ತೆಗೆದಿಟ್ಟುಕೊಳ್ಳಿ. ಅಳೆಯುವಾಗ ಹೀರಿಕೆ (ಅಬ್ಸಾರ್ಬೆನ್ಸ್) 0.1 ಒಳಗಿರುವಷ್ಟು ತೆಳು ಮಾಡಿ, ಇಲ್ಲದಿದ್ದರೆ ಹರಳು ತನ್ನ ಬೆಳಕನ್ನೇ ಹೀರಿ ಪೀಕ್ ಕೆಂಪಿನ ಕಡೆ ಜಾರಿದಂತೆ ಕಾಣುತ್ತದೆ. ಯೀಲ್ಡ್‌ಗೆ ಇಂಟಿಗ್ರೇಟಿಂಗ್ ಸ್ಫಿಯರ್ (ಎಲ್ಲ ದಿಕ್ಕಿನ ಬೆಳಕನ್ನೂ ಕೂಡಿಸಿ ಅಳೆಯುವ ಗೋಳ) ಇಲ್ಲದವರು ಎಥನಾಲ್‌ನಲ್ಲಿ ಕರಗಿಸಿದ ರೋಡಮಿನ್ 6ಜಿ ಅನ್ನುವ ಡೈ ಜೊತೆ ಹೋಲಿಸಬಹುದು, ಅದರ ಯೀಲ್ಡ್ 95% ಅಂತ ಎಲ್ಲರೂ ಒಪ್ಪುತ್ತಾರೆ. ಆಮೇಲೆ ಒಂದು ಗಾಜಿನ ಮೇಲೆ ಫಿಲ್ಮ್ ಹಾಕಿ, ಅರ್ಧ ಭಾಗಕ್ಕೆ ಕಪ್ಪು ಟೇಪ್ ಅಂಟಿಸಿ, ನೀಲಿ ಎಲ್‌ಇಡಿ ಕೆಳಗೆ ಬಿಸಿ ತಟ್ಟೆಯ ಮೇಲೆ ಒಂದು ವಾರ ಬಿಡಿ. ಟೇಪ್ ಕಿತ್ತಾಗ ಎರಡು ಭಾಗದ ಹೊಳಪೂ ಒಂದೇ ಸಮ ಇಳಿದಿದ್ದರೆ ತೊಂದರೆ ಬಿಸಿಯದ್ದು ಅಥವಾ ಗಾಳಿಯದ್ದು, ಸೀಲಿಂಗ್ ಮತ್ತು ಶೆಲ್ ನೋಡಿ. ತೆರೆದ ಭಾಗ ಮಾತ್ರ ಮಂಕಾಗಿದ್ದರೆ ತೊಂದರೆ ಬೆಳಕಿನದ್ದು, ಪದರವನ್ನು ಎಲ್‌ಇಡಿಯಿಂದ ದೂರ ಸರಿಸಿ ಇನ್ನೊಂದು ವಾರ ಓಡಿಸಿ.